ಆರನೇ ಬಕೆಟ್ಟಿನ ಉಸುಕು

ಐದನೇ ಬಕೆಟ್ಟಿನ ಉಸುಕನ್ನು ಜರಡಿ ಹಿಡಿದು ಮುಗಿಸುವ ಹೊತ್ತಿಗೆ ಕಮರುನ್ನೀಸಾಳ ಮುಂದೆ ಹಾಸಿದ್ದ ಗೋಣಿಚೀಲದ ಮೇಲೆ ಸಣ್ಣದೊಂದು ಅಂಗಡಿಯೇ ಎದ್ದಿತ್ತು. ಹನ್ನೊಂದು ತಲೆಪಿನ್ನು, ಜೋಡಿ ತಪ್ಪಿದ ಕಾಲುಂಗುರ, ನಾಲ್ಕಾರು ಸೇಫ್ಟಿ ಪಿನ್ನು, ಕೊನೆಗೆ ತುಕ್ಕು ಹಿಡಿದ ಒಂದು ಅಡಕತ್ತರಿ.

"ಯಾ ಅಲ್ಲಾ, ಇದು ನಂದು!" ಕಸ ಗುಡಿಸುವ ನೂರ್ ಬೀ ಅಡಕತ್ತರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಆರು ತಿಂಗಳಿಂದ ಸೊಸಿ ಮ್ಯಾಲ ಅನುಮಾನ ಪಡಾಕತ್ತಿದ್ನಿ. ಎಷ್ಟು ಬೈದೀನಿ ಆಕಿಗಿ, ಪಾಪ!"

"ಹೋಗಿ ಮಾಫಿ ಕೇಳು."

"ಮಾಫಿ ಯಾಕ? ಬೈಯಾಕ ಬ್ಯಾರೆ ಕಾರಣ ಸಿಗ್ತಾವ."

ಮಾನ್ವಿ ಊರಾಚೆಯ ವಿರೂಪಣ್ಣನ ಜಿನ್ನಿಂಗ್ ಮಿಲ್ಲಿನಲ್ಲಿ ಹೆಂಗಸರಿಗೆಲ್ಲ ಇದೊಂದು ರೂಢಿ. ಹತ್ತಿ ಬಿಡಿಸುವ ರೋಲರಿಗೆ ಕಬ್ಬಿಣದ ಚೂರು ಸಿಕ್ಕರೆ ಕಿಡಿ ಹಾರುತ್ತದೆ, ಕಿಡಿ ಅರಳೆಗೆ ಬಿದ್ದರೆ ಮುಂದಿನದನ್ನು ಯಾರೂ ಹೇಳಬೇಕಿಲ್ಲ. ಅದಕ್ಕೇ ಒಳಗೆ ಕಾಲಿಡುವ ಮೊದಲು ಮೈಮೇಲಿನ ಪಿನ್ನು, ಉಂಗುರಗಳನ್ನು ಬಾಗಿಲ ಪಕ್ಕ ತೂಗುಹಾಕಿದ ಕೆಂಪು ಬಕೆಟ್ಟಿನ ಉಸುಕಿನಲ್ಲಿ ಹೂತು ಹೋಗುವುದು, ಮನೆಗೆ ಹೊರಟಾಗ ತಡವಿ ತೆಗೆದುಕೊಳ್ಳುವುದು. ಬೆಂಕಿ ಆರಿಸಲು ಇಟ್ಟ ಉಸುಕು ಹೀಗೆ ಎಲ್ಲರ ಪೆಟಾರಿಯೂ ಆಗಿತ್ತು. ಈ ಪಾಠ ಹೇಳಿಕೊಟ್ಟವನು ಫಿಟ್ಟರ್ ವೆಂಕೋಬ. ಬೀಡಿ ಸೇದುವವನಾದರೂ ಬೆಂಕಿಪೊಟ್ಟಣವನ್ನು ಗೇಟಿನ ಒಳಗೆ ತಂದವನಲ್ಲ.

ಅವನೇ ಹದಿನೆಂಟು ದಿನದ ಹಿಂದೆ, ಮಿಲ್ಲಿನ ಎರಡು ಜಿನ್ನು ಶೆಡ್ಡುಗಳಲ್ಲಿ ಒಂದಕ್ಕೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡ. ಹಿಂಬಾಗಿಲಿಗೆ ಬೀಗ ಹಾಕಿ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಎಂದು ವಾಚ್‌ಮನ್ ಸೊಹೇಲನನ್ನು ಹಿಡಿದೊಯ್ದು ರಾಯಚೂರಿನ ಜೈಲಿಗೆ ಹಾಕಿದ್ದರು. ಮಂಗಳವಾರ ಅವನ ಜಾಮೀನಿನ ವಿಚಾರಣೆ.

ಕಮರುನ್ನೀಸಾ ಈ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಹಾಜರಿ ಬರೆದವಳು. ಟಪಾಲು ತೆಗೆದುಕೊಳ್ಳುವುದು, ಫಸ್ಟ್ ಏಡ್ ಪೆಟ್ಟಿಗೆ ಕಾಯುವುದು, ಸುರಕ್ಷತೆಯ ರಿಜಿಸ್ಟರಿಗೆ ಸಹಿ ಹಾಕುವುದು, ಎಲ್ಲವೂ ಅವಳದೇ. ಪೊಲೀಸರ ಪಂಚನಾಮೆಗೆ ಸಾಕ್ಷಿಯಾಗಿ ನಿಂತವಳೂ ಅವಳೇ. ಅವತ್ತಿನಿಂದ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ವೆಂಕೋಬ ಬಿದ್ದದ್ದು ಬಾಗಿಲ ಹತ್ತಿರವಲ್ಲ. ಬಾಗಿಲಿಂದ ನಾಲ್ಕು ಹೆಜ್ಜೆ ಈಚೆ, ಬರಿಯ ಗೋಡೆಯ ಬುಡದಲ್ಲಿ. ಬಲಗೈ ಮೇಲಕ್ಕೆ ಚಾಚಿತ್ತು. ಉರಿಯುವ ಮನೆಯಲ್ಲಿ ಸಿಕ್ಕಿದ ಮನುಷ್ಯ ಬಾಗಿಲು ಬಡಿಯುತ್ತಾನೆ, ಒದೆಯುತ್ತಾನೆ. ಬಾಗಿಲನ್ನು ಬಿಟ್ಟು ಗೋಡೆಯನ್ನೇಕೆ ತಡವುತ್ತಾನೆ? ಹೊಗೆಗೆ ದಿಕ್ಕು ತಪ್ಪಿದೆ ಎಂದು ಪೊಲೀಸರು ಬರೆದುಕೊಂಡರು. ಇಪ್ಪತ್ತು ವರ್ಷ ಓಡಾಡಿದ ಜಾಗದಲ್ಲಿ ವೆಂಕೋಬನಿಗೆ ದಿಕ್ಕು ತಪ್ಪುವುದೆ?

"ಸೋಮವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರ. ಬಕೀಟು ತೊಳದು, ಉಸುಕು ಸಾಣಿಸಿ, ಒಂದೊಂದೂ ಅದರದರ ಕೊಕ್ಕಿಗಿ ಹಾಕಸ್ರಿ," ಎಂದು ಮ್ಯಾನೇಜರ್ ಕಿರಣಕುಮಾರ ಬೆಳಿಗ್ಗೆ ಹೇಳಿ ಹೋಗಿದ್ದ. ಎಂಟೂ ಬಕೆಟ್ಟುಗಳು ಆಫೀಸಿನ ಹೊರಗೋಡೆಗೆ ಸಾಲಾಗಿ ಕೂತಿದ್ದವು. ಬೆಂಕಿ ಬಿದ್ದ ದಿನ ಎಲ್ಲಿದ್ದವೋ ಅಲ್ಲೇ, ಉಸುಕು ತುಂಬಿಕೊಂಡು. ಒಂದು ಹಿಡಿಯನ್ನೂ ಯಾರೂ ಎರಚಿರಲಿಲ್ಲ.

ಆರನೇ ಬಕೆಟ್ಟನ್ನು ಬೋರಲು ಹಾಕಿದಾಗ ಜರಡಿಯ ಮೇಲೆ ಟಣ್ ಎಂದಿತು.

ಒಂದು ಚಾವಿ. ತುದಿಗೆ ಸೈಕಲ್ ಟ್ಯೂಬಿನ ತುಂಡನ್ನು ಬಿಗಿದು ಕಟ್ಟಿತ್ತು.

ನೂರ್ ಬೀಯ ನಗು ಅಲ್ಲೇ ನಿಂತಿತು. "ಇದು ವೆಂಕೋಬಣ್ಣ ಹಾಕೋ ಗಂಟು ಅಲ್ಲೇನು?"

ಕಮರುನ್ನೀಸಾ ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದು ಸುಟ್ಟ ಜಿನ್ನಿನ ಕಡೆಗೆ ನಡೆದಳು. ಪೊಲೀಸರು ಕಟ್ಟಿದ ಹಗ್ಗದ ಈಚೆ ನಿಂತು ಒಳಗೆ ಕಣ್ಣು ಹಾಯಿಸಿದಳು. ಹಿಂಬಾಗಿಲು. ಅದರಿಂದ ನಾಲ್ಕು ಹೆಜ್ಜೆ ಈಚೆ ಆ ಗೋಡೆ. ಮಸಿ ಹಿಡಿದ ಗೋಡೆಯಲ್ಲಿ, ಆಳೆತ್ತರದಲ್ಲಿ, ಮಸಿಯಷ್ಟೇ ಕಪ್ಪಾದ ಒಂದು ಕೊಕ್ಕೆ. ಕೊಕ್ಕೆಯ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಆರು ಎಂಬ ಅಂಕಿ.

ಬರಿಯ ಗೋಡೆಯಲ್ಲ ಅದು. ಬಕೆಟ್ಟು ಇರಬೇಕಾಗಿದ್ದ ಜಾಗ.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕೈಗೆ ಮಸಿ ಹತ್ತಿತು.

ತಿರುಗಿ ಬಂದು, "ನೂರ್ ಬೀ, ಇದು ನಿನ್ನ ಬಾಯಾಗ ಇರ್ಲಿ," ಎಂದಳು.

"ನನ್ನ ಬಾಯಾಗ ತಂಬಾಕ ಬಿಟ್ರ ಏನೂ ನಿಲ್ಲಂಗಿಲ್ಲ, ನಿನಗ ಗೊತ್ತದ."

"ಹಂಗಾರ ನಾಳಿತನಕ ತಂಬಾಕ ಹಾಕ್ಕೊಂಡೇ ಇರು."

*

ಸಿರವಾರದಲ್ಲಿ ಬಸ್ಸು ಬದಲಿಸಿ, ದೇವದುರ್ಗದಿಂದ ಟಂಟಂ ಹಿಡಿದು ಕಮರುನ್ನೀಸಾ ವೆಂಕೋಬನ ಊರಾದ ಗೂಗಲ್ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ವೆಂಕೋಬನ ಹೆಂಡತಿ ಶೇಖಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಹೋದ ವರ್ಷದವರೆಗೆ ಅವಳೂ ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದವಳು. ಹೊಳೆಯ ಕಡೆಯ ಗಾಳಿಗೆ ಹೊಟ್ಟು ಹಾರಿ ಅವಳ ಕೂದಲ ಮೇಲೆ ಕೂತಿತ್ತು.

"ಬರ್ರಿ ಬೀಯಕ್ಕಾ, ಕುಂದರ್ರಿ. ನೀರು ತರ್ತೀನಿ."

"ನೀರು ಆಮ್ಯಾಲ. ಮೊದ್ಲು ಇದನ್ನ ನೋಡು."

ಕಮರುನ್ನೀಸಾಳ ಅಂಗೈ ಮೇಲಿನ ಚಾವಿಯನ್ನು ನೋಡಿ ಶೇಖಮ್ಮ ಮೊರವನ್ನು ಕೆಳಗಿಟ್ಟಳು. ಒಳಗೆ ಹೋಗಿ, ದೀಪದ ಗೂಡಿಗೆ ಕೈ ಹಾಕಿ ಇನ್ನೊಂದು ಚಾವಿ ತಂದಳು. ಅದಕ್ಕೂ ಅದೇ ಟ್ಯೂಬಿನ ತುಂಡು. ಎರಡನ್ನೂ ಪಕ್ಕ ಪಕ್ಕ ಹಿಡಿದರು. ಎರಡರ ಮೇಲೂ ಕೊರೆದ ನಂಬರು ೪೪೧೭.

"ಹಿಂದಿನ ಬಾಗಲ ಕೀಲಿ ಇವ್ರ ಕೈಯಾಗ ಕೊಟ್ಟಿದ್ರು. ಆಡು, ನಾಯಿ ಒಳಗ ಬರ್ತಾವ, ಕೀಲಿ ಹಾಕು ಅಂದಿದ್ರಂತ ಧಣೇರು. ಎರಡೇ ಚಾವಿ. ಒಂದು ಕಳದ್ರ ಇರ್ಲಿ ಅಂತ ಮನ್ಯಾಗ ಇಟ್ಟಿದ್ರು."

"ಇನ್ನೊಂದು ಅಂವ ಎಲ್ಲಿ ಇಡ್ತಿದ್ದ?"

"ಉಸುಕಿನ ಬಕೀಟ್ನ್ಯಾಗ. ಮತ್ತೆಲ್ಲಿ? ನನಗೊಮ್ಮಿ ಕಾಲುಂಗುರ ತಗಿ ಅಂದಾಗ, ನೀನು ಜೇಬಿನ್ಯಾಗ ಚಾವಿ ಇಟಗೊಂಡು ನನಗ ಬುದ್ಧಿ ಹೇಳ್ತೀಯೇನು ಅಂದಿದ್ನಿ. ಅವತ್ತಿಂದ ಬಾಗಲ ಮಗ್ಗಲದ ಬಕೀಟ್ನ್ಯಾಗ ಹುಗಿಯಾಕ ಹತ್ತಿದ್ರು. ಕತ್ತಲಾಗ್ಲಿ, ಕರೆಂಟು ಹೋಗ್ಲಿ, ಕೈ ಚಾಚಿದ್ರ ಸಿಗ್ತದ ಅಂತಿದ್ರು." ಅವಳ ಕಣ್ಣು ಚಾವಿಯ ಮೇಲೇ ಇತ್ತು. "ಬೀಯಕ್ಕಾ, ಹಂಗಾರ ಅವ್ರಿಗಿ ದಿಕ್ಕು ತಪ್ಪಿರಲಿಲ್ಲ?"

"ಇಲ್ಲವ್ವಾ. ಹೋಗಬೇಕಾದ ಜಾಗಕ್ಕೇ ಹೋಗ್ಯಾನ."

ಶೇಖಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಊರ ಮಂದಿ ಎಲ್ಲಾ ಅನ್ನಾಕತ್ತಾರ, ಹೊಗಿಗಿ ಹೆದರಿ ಬುದ್ಧಿ ಕೆಟ್ಟು ಗ್ವಾಡಿ ತಡವ್ಯಾನಂತ. ನನ್ನ ಮೈದುನ ಸೈತ ಅಂದ. ಮೊದ್ಲು ಹೆಣ್ಮಕ್ಕಳನ್ನ ಮುಂದಿನ ಬಾಗಲಿಂದ ಹೊರಗ ದಬ್ಬಿ, ಆಮ್ಯಾಲ ಹಿಂದಕ್ಕ ಹೋದ ಮನಷ್ಯಾಗ ಬುದ್ಧಿ ಕೆಟ್ಟಿರ್ತದೇನು?"

"ಹಿಂದ ಹತ್ತಿ ಮೂಟಿಗಳ ಸಂದ್ಯಾಗ ಇನ್ನೂ ಯಾರರ ಅದಾರೇನೋ ಅಂತ ಹೋದ. ಅಷ್ಟರಾಗ ಮುಂದಿನ ಬಾಗಲು ಉರಿ ಹತ್ತಿತು."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಶೇಖಮ್ಮ ಸೆರಗು ಸರಿಸಿ ಕೇಳಿದಳು, "ಚಾವಿ ಬಕೀಟ್ನ್ಯಾಗ ಇತ್ತು. ಬಕೀಟು ಯಾಕ ಅಲ್ಲಿ ಇರಲಿಲ್ಲ?"

ದಾರಿಯುದ್ದಕ್ಕೂ ಕಮರುನ್ನೀಸಾ ಹೆದರಿಕೊಂಡು ಬಂದದ್ದು ಈ ಪ್ರಶ್ನೆಗೇ. ಗೊತ್ತಿಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಲೈಸನ್ಸಿಗಿ ಫೋಟೋ ಬೇಕಂತ ಅವತ್ತ ಮುಂಜಾನಿ ಮ್ಯಾನೇಜರ್ ಎಂಟೂ ಬಕೀಟು ಆಫೀಸಿನ ಮುಂದ ತಂದು ಸಾಲು ಹಚ್ಚಿದ. ಹೊಸ ಬಣ್ಣ ಹಚ್ಚಿದ್ವಲ್ಲ, ಒಂದೇ ಫೋಟೋದಾಗ ಚಂದ ಕಾಣ್ತಾವಂತ. ವಾಪಸ್ ಯಾರೂ ಒಯ್ಯಲಿಲ್ಲ." "ಬಕೀಟೆಲ್ಲಾ ಜಾಗದಾಗ ಅವ, ಹಿಂದಿನ ಬಾಗಲು ತೆರದದ ಅಂತ ಅವತ್ತ ರಿಜಿಸ್ಟರ್‌ನ್ಯಾಗ ಬರದಾಕಿ ನಾನು. ಕುಂತ ಕುರ್ಚಿಯಿಂದ ಎದ್ದು ನೋಡಲಿಲ್ಲ."

ಶೇಖಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಮೊರವನ್ನು ಮತ್ತೆ ಎತ್ತಿಕೊಂಡು ನಾಲ್ಕು ಸಲ ಕೇರಿದಳು. ಆಮೇಲೆ ಗೂಡಿನ ಚಾವಿಯನ್ನು ಕಮರುನ್ನೀಸಾಳ ಮುಂದೆ ಇಟ್ಟಳು.

"ಆ ಸಾಬರ ಹುಡುಗನ್ನ ನಾನು ಹದಿನೆಂಟು ದಿನ ಶಾಪ ಹಾಕೀನಿ. ಇದನ್ನ ಒಯ್ಯಿ. ಆದ್ರ ತಪ್ಪು ಬರದಾಕಿ ನೀನು. ಖರೇ ಬರಿಯಾಕಿನೂ ನೀನ ಆಗಬೇಕು, ಯಕ್ಕಾ."

ನೀರು ಕೊಡುವುದನ್ನು ಅವಳು ಮರೆತಳು. ಕೇಳುವ ಧೈರ್ಯ ಕಮರುನ್ನೀಸಾಳಿಗೂ ಆಗಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿ ಕಿರಣಕುಮಾರ ಒಬ್ಬನೇ ಇದ್ದ. ಬಾಗಲವಾಡದ ಹುಡುಗ, ಮೂವತ್ತೈದು ದಾಟಿರಲಿಕ್ಕಿಲ್ಲ. ಬೆಂಕಿಯಾದಾಗಿನಿಂದ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಬಕೀಟು ಹಾಕಿಸಿದ್ರೇನು, ಬೀಯಮ್ಮಾ?"

"ಏಳು ಹಾಕ್ಸೀನಿ. ಒಂದು ಉಳದದ."

"ಯಾಕ?"

ಅವಳು ಎರಡೂ ಚಾವಿಗಳನ್ನು ಮೇಜಿನ ಗಾಜಿನ ಮೇಲೆ ಇಟ್ಟಳು. "ಒಂದು ಆರನೇ ಬಕೀಟ್ನ್ಯಾಗ ಸಿಕ್ತು. ಒಂದು ವೆಂಕೋಬನ ಮನ್ಯಾಗ. ಕೀಲಿ ಪೊಲೀಸ್ರ ಹತ್ರ ಅದ, ಹಚ್ಚಿ ನೋಡಿದ್ರ ತಿಳಿತದ. ಸೊಹೇಲನ ಸೊಂಟದಾಗ ಚಾವಿ ನೋಡೀನಿ ಅಂತ ಹೇಳಿಕಿ ಕೊಟ್ಟೀರಲ್ಲ, ಅದು ಯಾವ ಚಾವಿ?"

ಕಿರಣಕುಮಾರ ಚಾವಿಗಳನ್ನು ಮುಟ್ಟಲಿಲ್ಲ. "ಅವನ ಸೊಂಟದಾಗ ಚಾವಿ ಇದ್ವು."

"ಇದ್ವು. ಗೇಟಿಂದು, ಆಫೀಸಿಂದು. ಹಿಂದಿನ ಬಾಗಲಿಂದು ಇತ್ತೇನು?"

"ನನಗ ಹಂಗ ಅನಿಸ್ತು."

"ಅನಿಸಿದ್ದಕ್ಕ ಒಬ್ಬ ಹುಡುಗ ಜೈಲಿನ್ಯಾಗ ಕುಂತಾನ, ಸರ."

ಅವನು ಎದ್ದು ಬಾಗಿಲು ಮುಚ್ಚಿ ಬಂದ. "ಯಾರಿಗಿ ಗೊತ್ತಿತ್ತು ಬಕೀಟ್ನ್ಯಾಗ ಚಾವಿ ಅದ ಅಂತ? ನೀವೇ ಹೇಳ್ರಿ. ನಾನು ಕೊಲ್ಲಬೇಕಂತ ಒಯ್ದೀನೇನು? ಒಂದು ಫೋಟೋಕ್ಕ ಒಯ್ದೀನಿ!"

"ಗೊತ್ತಿರಲಿಲ್ಲ. ಖರೇ ಮಾತು," ಎಂದಳು ಅವಳು. "ಈಗ ಗೊತ್ತಾತಲ್ಲ."

ಅವನು ಕಪಾಟು ತೆರೆದು ಸುರಕ್ಷತೆಯ ರಿಜಿಸ್ಟರನ್ನು ತಂದು ಅವಳ ಮುಂದೆ ಬಿಚ್ಚಿಟ್ಟ. ಬೆಂಕಿ ಬಿದ್ದ ದಿನದ ಪುಟ. ಎಡಕ್ಕೆ ಆ ಫೋಟೋ ಅಂಟಿಸಿತ್ತು. ಆಫೀಸಿನ ಕಿಟಕಿಯ ಕೆಳಗೆ ಎಂಟು ಕೆಂಪು ಬಕೆಟ್ಟುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಬಲಕ್ಕೆ ಅವಳ ದುಂಡನೆಯ ಅಕ್ಷರ. 'ಎಂಟೂ ಬಕೆಟ್ಟುಗಳು ತಮ್ಮ ತಮ್ಮ ಜಾಗದಲ್ಲಿವೆ. ಹಿಂಬಾಗಿಲು ತೆರೆದಿದೆ.' ಕೆಳಗೆ ಸಹಿ. ಕ ಅಕ್ಷರದ ಬಾಲವನ್ನು ಕೊನೆಯವರೆಗೆ ಎಳೆದು ಬಿಡುವ ಅವಳ ಸಹಿಯನ್ನು ಮಾನ್ವಿಯಲ್ಲಿ ಯಾರಾದರೂ ಗುರುತಿಸುತ್ತಿದ್ದರು.

"ನೋಡ್ರಿ. ನಾನು ಬಕೀಟು ಒಯ್ದಿದ್ದು ಫೋಟೋದಾಗ ಅದ. ನೀವು ಸುಳ್ಳು ಬರದಿದ್ದು ಮಗ್ಗಲದಾಗ ಅದ. ಸೊಹೇಲ ಹೊರಗ ಬಂದ್ರ ಒಳಗ ಹೋಗಾವ್ರು ಇಬ್ರು." ಅವನ ದನಿ ತಗ್ಗಿತು. "ಹದಿನಾಲ್ಕು ತಿಂಗಳದಾಗ ರಿಟೈರ್ ಆಗ್ತೀರಿ. ಮಗಳಿಗಿ ನೌಕರಿ ಹತ್ತೋ ಹೊತ್ತು. ಆ ಚಾವಿ ಕೃಷ್ಣಾದಾಗ ಒಗದು ಬಂದಿದ್ರ ಏನಾಗ್ತಿತ್ತು, ಬೀಯಮ್ಮಾ? ಸತ್ತಾಂವ ತಿರುಗಿ ಬರ್ತಾನೇನು?"

"ಬರಂಗಿಲ್ಲ."

"ಮತ್ತ?"

"ನೀವು ಸೋಮವಾರ ಬಕೀಟೆಲ್ಲಾ ಕೊಕ್ಕಿಗಿ ಹಾಕಿ ತೋರಸ್ತೀರಿ. ನಾನು ಮತ್ತ ಸಹಿ ಹಾಕ್ತೀನಿ. ಸಾಹೇಬ್ರು ಹೋದ ಮ್ಯಾಲ ಸುಡದ ಉಳದ ಇನ್ನೊಂದು ಜಿನ್ನಿನ್ಯಾಗ ನಲವತ್ತು ಹೆಣ್ಮಕ್ಕಳು ಕೆಲಸಕ್ಕ ಬರ್ತಾರ. ಅಲ್ಲಿ ಹಿಂದಿನ ಬಾಗಲಿಗಿ ಏನು ಹಾಕ್ಯಾರ, ನೋಡೀರೇನು?"

ಅವನು ನೋಡಿರಲಿಲ್ಲ. ಅವಳು ಬರುವಾಗ ನೋಡಿಕೊಂಡು ಬಂದಿದ್ದಳು. ಅಲ್ಲಿಯೂ ಬೀಗ.

ಅವಳು ರಿಜಿಸ್ಟರಿನ ಆ ಪುಟಕ್ಕೆ ತನ್ನ ಮೊಬೈಲ್ ಹಿಡಿದು ಒಂದು ಫೋಟೋ ತೆಗೆದುಕೊಂಡಳು. ಚಾವಿಗಳನ್ನು ಸೆರಗಿಗೆ ಕಟ್ಟಿದಳು. ಕಿರಣಕುಮಾರ ತಡೆಯಲಿಲ್ಲ. ಕುರ್ಚಿಯಲ್ಲಿ ಕುಸಿದು, "ನಿಮ್ಮ ಸಹಿ ಅದ ಅಂತ ನೆಪ್ಪಿರ್ಲಿ," ಎಂದ. ಹೆದರಿಸಿದ ಹಾಗಿರಲಿಲ್ಲ ಅದು, ಬೇಡಿಕೊಂಡ ಹಾಗಿತ್ತು.

*

ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಬ್ಯಾಂಡೇಜಿನ ಸುರುಳಿಗಳ ಕೆಳಗೆ ಒಂದು ಲಕೋಟೆ ಎಂಟು ತಿಂಗಳಿಂದ ಮಲಗಿತ್ತು. ಕಾರ್ಖಾನೆಗಳ ಇಲಾಖೆಯ ಸಾಹೇಬರಿಗೆ ಅವಳು ಬರೆದ ಪತ್ರ. ಹಿಂಬಾಗಿಲುಗಳಿಗೆ ಬೀಗ ಹಾಕುತ್ತಾರೆ ಎಂದೂ, ತಪಾಸಣೆ ಎಂದಾಗಲೆಲ್ಲ ಬಕೆಟ್ಟುಗಳನ್ನು ಮುಂದೆ ತಂದು ಜೋಡಿಸಿ ಮರೆತುಬಿಡುತ್ತಾರೆ ಎಂದೂ, ಗೋಡೆಗೆ ಹಾಕಿದ ಬೆಂಕಿ ಆರಿಸುವ ಸಿಲಿಂಡರುಗಳ ಅವಧಿ ಮುಗಿದಿದೆ ಎಂದೂ ಬರೆದಿದ್ದಳು. ಬೆಂಕಿ ಬಿದ್ದರೆ ಯಾರು ಯಾವ ಕಡೆ ಓಡಬೇಕೆಂದು ಇಷ್ಟು ವರ್ಷದಲ್ಲಿ ಒಂದು ಸಲವೂ ನಮ್ಮನ್ನು ಓಡಿಸಿ ತೋರಿಸಿಲ್ಲ ಸ್ವಾಮಿ, ಎಂಬುದು ಕೊನೆಯ ಸಾಲು.

ಮಗಳು ಅರೀಬಾಳ ಬಿ.ಎಡ್. ಮುಗಿಯಲಿ, ಆಮೇಲೆ ಕಳಿಸೋಣ ಎಂದುಕೊಂಡಿದ್ದಳು. ಅದು ಮುಗಿದ ಮೇಲೆ ಹಬ್ಬ ಆಗಲಿ ಎಂದಳು. ಹಬ್ಬದ ಹಿಂದೆಯೇ ಹತ್ತಿಯ ಸೀಸನ್ ಬಂತು. ಬ್ಯಾಂಡೇಜು ಬೇಕಾದಾಗಲೆಲ್ಲ ಲಕೋಟೆ ಕೈಗೆ ತಾಗುತ್ತಿತ್ತು, ಅವಳು ಮತ್ತೆ ಮುಚ್ಚಿಡುತ್ತಿದ್ದಳು.

ಈಗ ಲಕೋಟೆ ಹರಿದು ಪತ್ರ ಬಿಚ್ಚಿ, ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಳು. 'ಇದನ್ನು ಬರೆದ ಮೇಲೆ ನಮ್ಮ ಜಿನ್ನು ಸುಟ್ಟು ವೆಂಕೋಬ ಎಂಬ ಫಿಟ್ಟರ್ ಸತ್ತಿದ್ದಾರೆ. ಹಿಂಬಾಗಿಲಿನ ಚಾವಿ ವಾಚ್‌ಮನ್ ಸೊಹೇಲನ ಬಳಿ ಇರಲಿಲ್ಲ. ಆರನೇ ಬಕೆಟ್ಟಿನಲ್ಲಿತ್ತು. ಎರಡೂ ಚಾವಿಗಳು ನನ್ನ ಹತ್ತಿರ ಇವೆ. ಬಕೆಟ್ಟುಗಳು ಜಾಗದಲ್ಲಿವೆ ಎಂದು ನೋಡದೆ ಸಹಿ ಹಾಕಿದವಳು ನಾನು.' ಈ ಸಲ ಸಹಿ ಹಾಕುವ ಮೊದಲು ಮೂರು ಸಾರಿ ಓದಿದಳು.

ಪತ್ರವನ್ನು ಹೊಸ ಲಕೋಟೆಗೆ ಹಾಕಿಕೊಂಡು ಹೋದಾಗ ಅಂಚೆ ಕಚೇರಿಯ ಕೌಂಟರಿನಲ್ಲಿ ಯಾಸ್ಮೀನ್ ಇದ್ದಳು. ಅರೀಬಾಳ ಜೊತೆ ಓದಿದವಳು.

"ಆವೋ ಖಾಲಾ! ಏನು, ಇವತ್ತು ನೀವೇ ಬಂದ್ರಿ?"

"ರಿಜಿಸ್ಟರ್ ಮಾಡಬೇಕವ್ವಾ. ಸೋಮವಾರ ಮುಂಜಾನಿ ಸಾಹೇಬ್ರ ಮೇಜಿನ ಮ್ಯಾಲ ಇರಬೇಕು."

ಯಾಸ್ಮೀನ್ ಲಕೋಟೆಯನ್ನು ತೂಕಕ್ಕೆ ಇಟ್ಟು ವಿಳಾಸ ಓದಿದಳು. ಹುಬ್ಬು ಮೇಲೇರಿತು. "ನಿಮ್ಮ ಮಿಲ್ಲಿನವ್ರಿಗಿ ಈ ಆಫೀಸಿನ ಮ್ಯಾಲ ಏನು ಇಷ್ಟು ಪ್ರೀತಿ? ಇದು ಎರಡನೇದು."

"ಮೊದಲ್ನೇದು ಯಾರು ಹಾಕ್ಯಾರ?"

"ವೆಂಕೋಬ ಕಾಕಾ. ನಾಕು ತಿಂಗಳಾತು. ಬರೇ 'ಫ್ಯಾಕ್ಟರಿ ಸಾಹೇಬರು, ರಾಯಚೂರು' ಅಂತ ಬರದು ತಂದಿದ್ರು. ಕಾಕಾ, ವಿಳಾಸ ಪೂರಾ ಬರೀರಿ ಅಂದ್ನಿ. ಏ ತಂಗಿ, ಅಷ್ಟು ದೊಡ್ಡ ಸಾಹೇಬ್ರು ಯಾರಿಗಿ ಗೊತ್ತಿಲ್ಲ, ಹಾಕು ಹಾಕು ಅಂದ್ರು. ಹದಿನೈದು ದಿನಕ್ಕ ವಾಪಸ್ ಬಂತು. ಕಳಿಸಿದವರ ವಿಳಾಸ ಮಿಲ್ಲಿಂದೇ ಇತ್ತಲ್ಲ, ನಮ್ಮ ಪೋಸ್ಟ್‌ಮನ್ ಮಿಲ್ಲಿಗೇ ಮುಟ್ಟಿಸಿದ್ರು."

"ಯಾರು ಇಸ್ಕೊಂಡ್ರು?"

ಯಾಸ್ಮೀನ್ ಹಿಂದಿನ ಕಪಾಟಿನಿಂದ ದಾರ ಕಟ್ಟಿದ ಹಾಳೆಗಳ ಕಟ್ಟು ತಂದು ಮಗುಚಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ನಗುತ್ತಲೇ ಓದಲು ಹೊರಟವಳು ಅಲ್ಲೇ ತಡೆದು, ಹಾಳೆಯನ್ನು ಸುಮ್ಮನೆ ಕಮರುನ್ನೀಸಾಳ ಕಡೆಗೆ ತಿರುಗಿಸಿದಳು.

ಕ ಅಕ್ಷರದ ಬಾಲವನ್ನು ಕೊನೆಯವರೆಗೆ ಎಳೆದ ಸಹಿ.

ಮಿಲ್ಲಿನ ಟಪಾಲಿಗೆಲ್ಲ ಅವಳೇ ಸಹಿ ಹಾಕುತ್ತಿದ್ದಳು. ಪೋಸ್ಟ್‌ಮನ್ ಸೈಕಲ್ಲಿನಿಂದ ಇಳಿಯುವ ಮೊದಲೇ ಹಾಳೆ ಇಸಿದುಕೊಂಡು ಒಂದೇ ಉಸಿರಿಗೆ ಎಂಟು ಹತ್ತು ಸಹಿ. ಯಾರಿಂದ, ಯಾರಿಗೆ ಎಂದು ನೋಡುತ್ತಿರಲಿಲ್ಲ. ವೆಂಕೋಬನ ಪತ್ರ ಅವಳ ಕೈ ದಾಟಿಯೇ ಹೋಗಿತ್ತು.

ಎಲ್ಲಿಗೆ ಹೋಯಿತು?

ಹಾಳೆಯ ಮೇಲಿನ ತಾರೀಖನ್ನು ನೋಡಿದಳು. ಕಿರಣಕುಮಾರನ ತಂಗಿಯ ಮದುವೆಯ ದಿನ. ವಿರೂಪಣ್ಣ, ಕಿರಣಕುಮಾರ ಇಬ್ಬರೂ ಹಿಂದಿನ ದಿನವೇ ಬಾಗಲವಾಡಕ್ಕೆ ಹೋಗಿದ್ದರು. ಎರಡು ದಿನ ಆಫೀಸಿಗೆ ಬೀಗ. ಟಪಾಲನ್ನು ಅವಳು ಗೇಟಿನಲ್ಲೇ ಒಬ್ಬನ ಕೈಗೆ ಕೊಟ್ಟಿದ್ದಳು. 'ಧಣೇರ ಟ್ರೇದಾಗ ಇಡಪಾ' ಎಂದಿದ್ದೂ ನೆನಪಿತ್ತು. ಮೂರನೇ ದಿನ ಟ್ರೇಯನ್ನು ತೆರವು ಮಾಡಿದವಳೂ ಅವಳೇ. ಕರೆಂಟು ಬಿಲ್ಲು ಇತ್ತು, ವ್ಯಾಪಾರಿಗಳ ಕಾಗದ ಇತ್ತು. ರಿಜಿಸ್ಟರ್ ಲಕೋಟೆ ಇರಲಿಲ್ಲ.

ಆಫೀಸಿನ ಚಾವಿ ಅವತ್ತು ಇದ್ದದ್ದು ಒಬ್ಬನ ಸೊಂಟದಲ್ಲಿ ಮಾತ್ರ. ಸೊಹೇಲನ ಸೊಂಟದಲ್ಲಿ.

"ಖಾಲಾ? ಹುಷಾರಿಲ್ಲೇನು? ಇದನ್ನ ಕಳಿಸಲೋ, ಬ್ಯಾಡೋ?"

ಕಮರುನ್ನೀಸಾ ತನ್ನ ಲಕೋಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಯಾವ ಹುಡುಗನನ್ನು ಬಿಡಿಸಲೆಂದು ತನ್ನ ಕುತ್ತಿಗೆಯನ್ನು ತಾನೇ ಒಡ್ಡಲು ಹೊರಟಿದ್ದಳೋ, ಅವನೇ ವೆಂಕೋಬನ ಪತ್ರವನ್ನು ಬಚ್ಚಿಟ್ಟಿದ್ದನೆ? ಯಾರಿಗಾದರೂ ಕೊಟ್ಟಿದ್ದನೆ? ಯಾಕೆ? ಚಾವಿ ಅವನ ಬಳಿ ಇರಲಿಲ್ಲ, ಅದು ನಿಜ. ಪತ್ರ ಅವನ ಕೈಗೆ ಹೋಗಿತ್ತು, ಅದೂ ನಿಜ. ಒಂದನ್ನು ಬರೆದು ಇನ್ನೊಂದನ್ನು ನುಂಗುವುದು ಹೇಗೆ?

ಲಕೋಟೆಯ ಮೂಲೆಯಲ್ಲಿ, ಕಳಿಸಿದವರು ಎಂಬಲ್ಲಿ, ರೂಢಿಯಂತೆ ಮಿಲ್ಲಿನ ವಿಳಾಸ ಬರೆದಿದ್ದಳು. ಯಾಸ್ಮೀನಳ ಪೆನ್ನು ಇಸಿದುಕೊಂಡು ಅದನ್ನು ಹೊಡೆದು ಹಾಕಿ, ಕೆಳಗೆ ತನ್ನ ಮನೆಯ ವಿಳಾಸ ಬರೆದಳು. ಮನೆ ನಂಬರು, ಗಲ್ಲಿ, ಪಿನ್‌ಕೋಡು, ಏನೂ ಬಿಡಲಿಲ್ಲ. ವಾಪಸ್ ಬಂದರೂ ಇನ್ನು ಬೇರೆಯವರ ಕೈಗೆ ಬೀಳಬಾರದು.

ಆಮೇಲೆ ಲಕೋಟೆಯನ್ನು ಮಗುಚಿ, ಹಿಂಭಾಗದಲ್ಲಿ ಒಂದು ಸಾಲು ಸೇರಿಸಿದಳು. 'ಇನ್ನೊಂದು ವಿಷಯ ತಿಳಿದಿದೆ. ಅದನ್ನು ತಮ್ಮ ಮುಂದೆ ನಿಂತು ಹೇಳುತ್ತೇನೆ.'

"ಕಳಿಸು," ಎಂದಳು.

ಯಾಸ್ಮೀನ್ ಲಕೋಟೆಯ ಮೇಲೆ ಠಸ್ಸೆ ಒತ್ತಿದಳು.